ಹೆಸರು ತಿದ್ದುವ ಭಾನುವಾರ

‘ಆಧಾರ್ ತೋರ್ಸವ್ವಾ.’

ಕಂಡಕ್ಟರು ಮುಖ ನೋಡಿ ಕೇಳುವುದಿಲ್ಲ. ನಿಮ್ಮ ಮುಂದಿನ ಸೀಟಿನ ಹುಡುಗಿ ಕಾರ್ಡು ಎತ್ತಿ ಹಿಡಿಯುತ್ತಾಳೆ, ಅದನ್ನೂ ಆತ ಓದುವುದಿಲ್ಲ. ಸೊನ್ನೆ ಟಿಕೆಟ್ಟು ಹರಿದುಕೊಟ್ಟು ನಿಮ್ಮ ಕಡೆ ತಿರುಗುತ್ತಾನೆ. ನೀವು ಗಂಡಸಾದರೆ ದುಡ್ಡು ತೆಗೆಯಿರಿ.

ಹೊಳೆನರಸೀಪುರದ ನಿಲ್ದಾಣ ಬಿಟ್ಟಾಗ ಏಳೂವರೆ. 2025ರ ನವೆಂಬರಿನ ಒಂದು ಭಾನುವಾರ. ಹೇಮಾವತಿಯ ಮೇಲೆ ಕಾವಳ ಇನ್ನೂ ಹಾಗೇ ಕೂತಿದೆ, ಕಿಟಕಿ ಗಾಜು ಒಳಗಿನಿಂದ ಬೆವರಿದೆ. ಹೊಲಗಳಲ್ಲಿ ರಾಗಿ ತೆನೆ ಕಂದು ತಿರುಗಿ ಬಾಗಿದೆ. ಮುಂದಿನ ಸೀಟಿನವಳ ತೊಡೆಯ ಮೇಲೆ ನೀಲಿ ಪ್ಲಾಸ್ಟಿಕ್ ಫೈಲು. ಪಕ್ಕದಲ್ಲಿ ಗೆಳತಿ, ಕಿಟಕಿಯ ಹತ್ತಿರ ತಮ್ಮ. ಎಂಟನೇ ಕ್ಲಾಸಿನ ಈ ತಮ್ಮನನ್ನು ಅಕ್ಕನ ಕಾವಲಿಗೆಂದು ಅಮ್ಮ ಕಳಿಸಿದ್ದಾರೆ. ಕಾವಲಿಗೆ ಬಂದವನಿಗೆ ಟಿಕೆಟ್ಟುಂಟು, ಕಾವಲು ಯಾರಿಗೋ ಅವಳಿಗಿಲ್ಲ. 2023ರ ಜೂನ್ 11ರಂದು, ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಗುವ ಮುಂಚೆ ಇವಳು ಹಾಸನದ ಸಭೆಗೆ ಬಂದವಳೇ ಅಲ್ಲ. ಹೋಗಿಬರುವ ಚಾರ್ಜು ಅಪ್ಪನ ಹತ್ತಿರ ಕೇಳಬೇಕಿತ್ತು, ಕೇಳಿದರೆ ‘ಯಾಕೆ’ ಎಂಬ ಪ್ರಶ್ನೆ ಬರುತ್ತಿತ್ತು. ಈಗ ದುಡ್ಡು ಕೇಳಬೇಕಾಗಿಲ್ಲ, ಆ ಪ್ರಶ್ನೆಯೂ ಅರ್ಧಕ್ಕೆ ಇಳಿದಿದೆ.

ಮೊಸಳೆಹೊಸಹಳ್ಳಿ ಬಂದಾಗ ಬಸ್ಸಿನಲ್ಲಿ ಮಾತು ತಗ್ಗುತ್ತದೆ. ಸೆಪ್ಟೆಂಬರ್ 12ರ ರಾತ್ರಿ ಗಣಪತಿ ಬಿಡಲು ಹೊರಟ ಮೆರವಣಿಗೆಯ ಮೇಲೆ ಲಾರಿ ನುಗ್ಗಿದ್ದು ಇಲ್ಲೇ. ಸತ್ತವರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರಿದ್ದರು, ಈ ಬಸ್ಸಿನಲ್ಲಿರುವವರದೇ ವಯಸ್ಸು. ಹುಡುಗಿ ತುಟಿಯಲ್ಲೇ ಏನೋ ಓದಿಕೊಳ್ಳುತ್ತಾಳೆ. ಬಸ್ಸು ಹಂಪು ದಾಟಿ ಮತ್ತೆ ವೇಗ ಹಿಡಿಯುತ್ತದೆ.

ಹಾಸನದಲ್ಲಿಳಿದು ಅವರ ಹಿಂದೆ ನಡೆಯಿರಿ. ಒಂದು ವೆಲ್ಡಿಂಗ್ ಶಾಪು, ಪಕ್ಕದಲ್ಲಿ ಗುಜರಿ ಅಂಗಡಿ, ನಡುವೆ ಒಬ್ಬರೇ ಹತ್ತುವಷ್ಟು ಅಗಲದ ಮೆಟ್ಟಿಲು. ಮೇಲೆ ಉದ್ದನೆಯ ಹಾಲು, ನೆಲಕ್ಕೆ ಚಾಪೆ, ಗೋಡೆಗೆ ಒರಗಿಸಿದ ಮಡಿಸುವ ಮೇಜುಗಳು. ಚಪ್ಪಲಿ ಕೆಳಗೇ ಬಿಟ್ಟು ಬನ್ನಿ. ಕರ್ನಾಟಕದ ಊರೂರುಗಳಲ್ಲಿ ಮುಸ್ಲಿಂ ಹುಡುಗರ ಇಂಥ ಸಂಘಗಳಿವೆ. ಕೆಲವು 1982ರಲ್ಲಿ ಹುಟ್ಟಿದ ಎಸ್‌ಐಒ ಥರದ ದೊಡ್ಡ ಸಂಘಟನೆಗಳ ಶಾಖೆಗಳು, ಕೆಲವು ಮೊಹಲ್ಲಾದ ಹುಡುಗರೇ ಚಂದಾ ಎತ್ತಿ ಕಟ್ಟಿಕೊಂಡವು. ನೀವು ಬಂದಿರುವುದು ಎರಡನೇ ಬಗೆಯದೊಂದಕ್ಕೆ ಎಂದುಕೊಳ್ಳಿ. ಬೋರ್ಡಿನ ಮೇಲಿನ ಹೆಸರು ನಮಗೆ ಬೇಡ. ಇವತ್ತು ಇಲ್ಲಿ ಬೇರೆ ಹೆಸರುಗಳ ಕೆಲಸವೇ ಸಾಕಷ್ಟಿದೆ.

ಅರಕಲಗೂಡಿನವರು ಆಗಲೇ ಬಂದಿದ್ದಾರೆ. ಒಬ್ಬನ ಪ್ಯಾಂಟಿನ ಅಂಚಿನಲ್ಲಿ ಶುಂಠಿ ಹೊಲದ ಕೆಮ್ಮಣ್ಣು. ಇನ್ನೊಬ್ಬ ರಾಮನಾಥಪುರದ ತಂಬಾಕು ಹರಾಜಿಗೆ ಬೇಲು ಸಾಗಿಸುವ ಟೆಂಪೋದವನು, ಭಾನುವಾರ ಹರಾಜಿಲ್ಲದ್ದರಿಂದ ಬಿಡುವು. ಚನ್ನರಾಯಪಟ್ಟಣದವರದು ಇನ್ನೂ ಪತ್ತೆಯಿಲ್ಲ. ‘ಶಾಂತಿಗ್ರಾಮ ದಾಟಿದೀವಿ’ ಎಂದು ಫೋನಿನಲ್ಲಿ ಹೇಳುತ್ತಿದ್ದಾರೆ. ದಾಟಿದ್ದೇವೆಂದರೆ ಇನ್ನೂ ದಾಟಿಲ್ಲವೆಂದು ಎಲ್ಲರಿಗೂ ಗೊತ್ತು.

‘ಕ್ಯಾ ಮಿಯಾ, ಇತ್ತಾ ಲೇಟ್?’ ಎಂದು ಕಾರ್ಯದರ್ಶಿ ಫೋನಿನಲ್ಲೇ ಗದರುತ್ತಾನೆ. ಅದೇ ಉಸಿರಿನಲ್ಲಿ ಪಕ್ಕದವನಿಗೆ, ‘ಜೆರಾಕ್ಸ್ ಅಂಗ್ಡಿ ತೆಗ್ದೈತಾ ನೋಡಪ್ಪ.’

ಈ ಹಾಲಿನ ಭಾಷೆಯನ್ನು ಒಂದು ನಿಮಿಷ ಕೇಳಿಸಿಕೊಳ್ಳಿ. ಖುರಾನ್ ಪಠಣ ಅರಬ್ಬಿಯಲ್ಲಿ, ಹತ್ತೇ ನಿಮಿಷ. ಆಮೇಲಿನ ಸ್ವಾಗತ ಉರ್ದುವಿನಲ್ಲಿ, ಅದೂ ಪುಸ್ತಕದ ಉರ್ದು, ಹೇಳುವವನ ನಾಲಿಗೆ ಅಲ್ಲಲ್ಲಿ ತಡವರಿಸುತ್ತದೆ. ಜಗಳ, ನಗು, ಚಹಾದ ಲೆಕ್ಕ ಎಲ್ಲ ದಖನಿಯಲ್ಲಿ. ಮೇಜಿನ ಮೇಲೆ ಕಾಗದ ಬಂತೆಂದರೆ ಕನ್ನಡ. ಸಂಘದ ನಡಾವಳಿ ಪುಸ್ತಕ ಕೇಳಿ ನೋಡಿ. ಹಳಬರು ಅದನ್ನು ಬಲಗಡೆಯ ರಟ್ಟಿನಿಂದ ಉರ್ದುವಿನಲ್ಲಿ ಬರೆಯುತ್ತ ಬಂದರು. ಕನ್ನಡ ಶಾಲೆಯಲ್ಲಿ ಓದಿದ ಹೊಸಬರು ಪುಸ್ತಕವನ್ನು ತಿರುಗಿಸಿ ಎಡಗಡೆಯಿಂದ ಶುರುಮಾಡಿದರು. ಎರಡು ಬರಹದ ನಡುವೆ ಮೂವತ್ತೋ ನಲವತ್ತೋ ಖಾಲಿ ಹಾಳೆಗಳಿವೆ. ಅವು ತುಂಬಿದ ಮೇಲೆ ಹೊಸ ಪುಸ್ತಕ ತರಬೇಕು, ಅಷ್ಟೇ ಅನ್ನುತ್ತಾನೆ ಕಾರ್ಯದರ್ಶಿ.

ಒಂಬತ್ತೂವರೆಗೆ ಮೇಜುಗಳು ಬಿಚ್ಚಿಕೊಳ್ಳುತ್ತವೆ. ಮುಸ್ಲಿಂ ಹುಡುಗರ ಸಂಘವೆಂದರೆ ಒಳಗೆ ಏನೋ ಭಾಷಣ ನಡೆಯುತ್ತದೆ, ಏನೋ ಮಸಲತ್ತು ನಡೆಯುತ್ತದೆ ಎಂದು ಹೊರಗೆ ನಿಂತು ಊಹಿಸುವವರು ಈ ಹೊತ್ತಿಗೆ ಬರಬೇಕು. ನಡೆಯುತ್ತಿರುವುದು ಕಾಗುಣಿತ.

ಅರಕಲಗೂಡಿನ ಹುಡುಗ ಡಿಪ್ಲೊಮಾ ಎರಡನೇ ವರ್ಷ. ಇವನ ಹೆಸರು ಶುರುವಾಗುವುದು, ಇಲ್ಲಿ ಕೂತ ಅರ್ಧ ಹುಡುಗರ ಹೆಸರಿನಂತೆ, ಪ್ರವಾದಿಯವರ ಹೆಸರಿನಿಂದ. ಜನನ ಪ್ರಮಾಣಪತ್ರದಲ್ಲಿ ಅದು ‘ಮಹಮದ್’. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ‘ಮೊಹಮ್ಮದ್’, ಇಂಗ್ಲಿಷಿನಲ್ಲಿ ನಡುವೆ ಎರಡು ಎಮ್ಮು. ಆಧಾರಿನಲ್ಲಿ ಬರೀ ‘ಎಂಡಿ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಆ ಎಂಡಿಯೂ ಇಲ್ಲ, ಅಪ್ಪನ ಹೆಸರು ಮುಂದೆ ಬಂದು ಕೂತಿದೆ.

‘ಕಾಲೇಜಲ್ಲಿ ಎಲ್ರೂ ಎಂಡಿ ಅಂತಾನೇ ಕರಿಯೋದು. ಯಾವ ಕಂಪ್ನಿ ಎಂಡಿ ಸಾರ್ ಅಂತಾರೆ’ ಎಂದು ಅವನೇ ನಗುತ್ತಾನೆ.

ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಈ ನಗು ತಿಳಿಯುವುದಿಲ್ಲ. ಅದಕ್ಕೆ ಆಧಾರಿನವನೊಬ್ಬ, ಅಂಕಪಟ್ಟಿಯವನು ಇನ್ನೊಬ್ಬ. ಇಬ್ಬರೂ ಒಬ್ಬನೇ ಎಂದು ಅದನ್ನು ಒಪ್ಪಿಸಬೇಕು. ಆಧಾರಿನಲ್ಲಿ ಹೆಸರನ್ನು ಜೀವಮಾನಕ್ಕೆ ಎರಡೇ ಸಲ ತಿದ್ದಬಹುದು. ಒಂದು ಸಲ ಯಾರೋ ಅವಸರದಲ್ಲಿ ತಿದ್ದಿ, ಇದ್ದ ‘ಮಹಮದ್’ ಹೋಗಿ ‘ಎಂಡಿ’ ಆಗಿದೆ. ಉಳಿದಿರುವುದು ಒಂದೇ.

ಮೇಜಿನ ಆಚೆ ಕೂತವನು ಒಂದು ಮೊಬೈಲ್ ರಿಪೇರಿ ಅಂಗಡಿಯ ಮಾಲೀಕ, ಮೂವತ್ತರ ಹತ್ತಿರ. ಅವಸರವಿಲ್ಲದ ಮನುಷ್ಯ. ನಾಲ್ಕೂ ಕಾಗದಗಳನ್ನು ಇಸ್ಪೀಟು ಎಲೆಯ ಹಾಗೆ ಹರಡಿಕೊಂಡು ನೋಡುತ್ತಾನೆ. ‘ಹತ್ತನೇ ಕ್ಲಾಸಿನ ಅಂಕಪಟ್ಟಿ ತಾಯಿಬೇರು ಕಣಪ್ಪ. ಅದನ್ನ ಅಲ್ಲಾಡಿಸ್ಬೇಡ. ಮಿಕ್ಕಿದ್ದನ್ನ ಅದಕ್ಕೆ ಕಟ್ಟು.’ ಅಂಕಪಟ್ಟಿ ತಿದ್ದಿಸಲು ಹೋದರೆ ಶಾಲೆ, ಮುಖ್ಯೋಪಾಧ್ಯಾಯರು, ಬೋರ್ಡು ಎಂದು ವರ್ಷ ಸವೆಯುತ್ತದೆ. ಹಾಗಾಗಿ ಅದರಲ್ಲಿ ಹೇಗೆ ಬಿದ್ದಿದೆಯೋ ಹಾಗೆಯೇ ಜೀವನ ಪೂರ್ತಿ ಬರೆದುಕೊಳ್ಳುವುದು ಸಲೀಸು. ಅಂದರೆ ಎಂದೋ ಒಂದು ದಿನ ಒಂದನೇ ಕ್ಲಾಸಿನ ದಾಖಲಾತಿ ಪುಸ್ತಕದಲ್ಲಿ ಮೇಷ್ಟರು ಕಿವಿಗೆ ಕೇಳಿದ ಹಾಗೆ ಬರೆದುಕೊಂಡದ್ದೇ ಈ ಹುಡುಗನ ಖಾಯಂ ಹೆಸರು. ಆ ಮೇಷ್ಟರದು ತಪ್ಪೆನ್ನಲು ನನಗೆ ಮನಸ್ಸಿಲ್ಲ. ದಖನಿ ಬಾಯಿಂದ ಹೊರಟ ಅರಬ್ಬಿ ಹೆಸರನ್ನು ಹಾಸನದ ಕನ್ನಡ ಕಿವಿ ಹಿಡಿದು ಇಂಗ್ಲಿಷಿಗೆ ಇಳಿಸಬೇಕು. ಮೂರು ಕಡೆ ಸೋಸಿದ ಮೇಲೆ ಉಳಿದಷ್ಟು ಉಳಿಯಿತು.

ಪಕ್ಕದ ಮೇಜಿನಲ್ಲಿ ಬೇರೆ ತಕರಾರು. ಚನ್ನರಾಯಪಟ್ಟಣದವರು ಕೊನೆಗೂ ಬಂದಿದ್ದಾರೆ. ಅವರಲ್ಲೊಬ್ಬನ ತಾತ ಹಾಸಿಗೆಗೆ ಹತ್ತಿ ಹಿಂಜುತ್ತಿದ್ದವರು. ಪಿಂಜಾರ ಎಂದು ಜಾತಿ ಪ್ರಮಾಣಪತ್ರ ಸಿಕ್ಕರೆ ಮೀಸಲಾತಿಯಲ್ಲಿ ಪ್ರವರ್ಗ-1, ಬರೀ ಮುಸ್ಲಿಂ ಎಂದಾದರೆ 2ಬಿ. ಅಪ್ಪ ಆ ಹೆಸರನ್ನು ಹೇಳಿಕೊಳ್ಳದೆ ಬದುಕಿದವರು. ಊರಿನಲ್ಲಿ ಅದನ್ನು ಕೀಳಾಗಿ ಅನ್ನುತ್ತಿದ್ದರಂತೆ. ಈಗ ಮಗನಿಗೆ ನಾಡಕಚೇರಿಯ ಅರ್ಜಿಗೆ ಅದೇ ಹೆಸರು ಬೇಕು, ಶಾಲೆಯ ದಾಖಲೆಯಲ್ಲಿ ಅದು ಎಲ್ಲೂ ಇಲ್ಲ. ಸೆಪ್ಟೆಂಬರ್ 22ಕ್ಕೆ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟರು ಮನೆಗೆ ಬಂದಾಗಲೂ ಇದೇ ಆಗಿತ್ತು. ಅಪ್ಪ ‘ಮುಸ್ಲಿಂ ಅಂತ ಬರೀರಿ ಸಾಕು’ ಎಂದರೆ ಮಗ ಒಳಗಿಂದ ಬಂದು ‘ಪಿಂಜಾರ ಅಂತಾನೂ ಬರೀರಿ ಸಾರ್’ ಎಂದನಂತೆ. ಹೇಳುವಾಗ ಅವನ ದನಿಯಲ್ಲಿ ಗೆದ್ದ ಖುಷಿಯಿಲ್ಲ.

2ಬಿಯ ಶೇಕಡಾ 4ರ ಮೀಸಲಾತಿ ಬಂದದ್ದು 1995ರಲ್ಲಿ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ. ಗೌಡರ ಹರದನಹಳ್ಳಿ ಹೊಳೆನರಸೀಪುರ ತಾಲ್ಲೂಕಿನಲ್ಲೇ ಇದೆ. ಹೀಗಾಗಿ ಈ ಸೀಮೆಯ ಸಾಬರ ಮನೆಗಳಲ್ಲಿ ಆ ನಾಲ್ಕು ಎಂಬ ಅಂಕಿಗೆ ಪಕ್ಕದ ಊರಿನ ನೆಂಟನ ಸಲಿಗೆ. 2023ರ ಮಾರ್ಚಿನಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದು ಆ ಆದೇಶ ಜಾರಿಗೆ ಬರಲಿಲ್ಲ. ಆ ವಾರಗಳಲ್ಲಿ ಸಿಇಟಿಗೆ ಓದುತ್ತಿದ್ದ ಹುಡುಗರು ಈಗ ಈ ಮೇಜಿನ ಆಚೆ ಬದಿಗೆ ಬಂದು ಕೂತಿದ್ದಾರೆ.

ಒಬ್ಬ ತಾಯಿ ಐದನೇ ಕ್ಲಾಸಿನ ಮಗಳ ಕೈಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ಸ್ಕಾಲರ್‌ಶಿಪ್ಪಿಗೆ ಹಾಕಬೇಕಿತ್ತು. ಅಂಗಡಿ ಮಾಲೀಕ ಎದ್ದು ನಿಂತು, ‘ಖಾಲಾ, ಎಂಟನೇ ಕ್ಲಾಸಿನವರೆಗೆ ಸೆಂಟ್ರಲ್‌ನೋರು ನಿಲ್ಲಿಸ್ಬಿಟ್ರು’ ಅನ್ನುತ್ತಾನೆ. ನಿಂತದ್ದು 2022ರ ನವೆಂಬರಿನಲ್ಲಿ. ಆಗಿನಿಂದ ವರ್ಷಕ್ಕೊಮ್ಮೆ ಆಕೆ ಕೇಳಲು ಬರುತ್ತಾರೆ, ವರ್ಷಕ್ಕೊಮ್ಮೆ ಇವನು ಎದ್ದು ನಿಂತು ಇದನ್ನೇ ಹೇಳುತ್ತಾನೆ. ‘ಒಂಬತ್ತಕ್ಕೆ ಬಂದಾಗ ಖಂಡಿತ ಹಾಕೋಣ.’ ಮಗುವಿನ ಕೈಗೆ ಒಂದು ಬಿಸ್ಕೆಟ್ ಪೊಟ್ಟಣ ಕೊಡುತ್ತಾನೆ.

ಈಗ ಹಾಲಿನ ಹಿಂಭಾಗಕ್ಕೆ ತಿರುಗಿ. ಅಲ್ಲಿ ಒಂದು ಹಸಿರು ಪರದೆ. ಅದರ ಆಚೆ ಏಳೆಂಟು ಹುಡುಗಿಯರು, ನಿಮ್ಮ ಬಸ್ಸಿನವಳೂ ಅಲ್ಲೇ. ಪರದೆಯ ಕೆಳಗೆ ಒಂದು ಗೇಣು ಜಾಗವಿದೆ. ಫಾರಂಗಳು ಅದರಡಿಯಿಂದ ಆ ಕಡೆ ಜಾರುತ್ತವೆ, ತುಂಬಿಕೊಂಡು ಈ ಕಡೆ ಬರುತ್ತವೆ. ಹುಡುಗರ ಕನ್ನಡ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಹುಡುಗಿಯರದು ದುಂಡು. ಸಂಘದಿಂದ ತಹಸೀಲ್ದಾರರಿಗೆ ಹೋಗುವ ಪ್ರತಿ ಮನವಿಯನ್ನೂ ಬರೆಯುವುದು ಪರದೆಯ ಆಚೆ, ಸಹಿ ಬೀಳುವುದು ಈಚೆ.

ಪರದೆ ಬೇಕೆಂದವರು ಹಜ್ರತ್ತರು, ಮಸೀದಿಯ ಇಮಾಮರು. ಬೇಡವೆಂದು ಯಾರೂ ಹೇಳಲಿಲ್ಲ, ಹುಡುಗಿಯರೂ ಹೇಳಲಿಲ್ಲ. ‘ಪರದೆ ಇದ್ರೆ ಮನೇಲಿ ಕಳಿಸ್ತಾರೆ. ಇಲ್ದಿದ್ರೆ ಕಳ್ಸಲ್ಲ’ ಎಂದು ಒಳಗಿನಿಂದ ಒಂದು ದನಿ ಬರುತ್ತದೆ. ಲೆಕ್ಕ ಸರಿಯಾಗಿದೆ. ನೀವೂ ನಾನೂ ಸಭ್ಯತೆಯ ಸಿಟ್ಟು ತೋರಿಸಿ ಮನೆಗೆ ಹೋಗಬಹುದು, ಅವಳು ಮುಂದಿನ ಭಾನುವಾರವೂ ಬರಬೇಕಾಗಿದೆ.

ಇದೇ ಹಾಸನದಲ್ಲಿ ಕತೆಗಾರ್ತಿ ಬಾನು ಮುಷ್ತಾಕ್ ಇದ್ದಾರೆ. ಹೆಂಗಸರು ಮಸೀದಿಗೆ ಹೋಗಬಹುದೆಂದು ಆಡಿದ ಮಾತಿಗೆ 2000ದಲ್ಲಿ ಬಹಿಷ್ಕಾರ ಉಂಡವರು. 2025ರ ಮೇ 20ರಂದು ಲಂಡನ್ನಿನಲ್ಲಿ ಅನುವಾದಕಿ ದೀಪಾ ಭಾಸ್ತಿಯವರ ಜೊತೆ ಅಂತರರಾಷ್ಟ್ರೀಯ ಬುಕರ್ ಪಡೆದರು, ಕನ್ನಡದ ಪುಸ್ತಕಕ್ಕೆ ಮೊದಲ ಸಲ. ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅದು ಕೂಡದೆಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಲಿ ಬಂದವರೂ ಇದ್ದರು. ಈ ಹಾಲಿನಲ್ಲಿ ಅವರ ಮಾತು ತೆಗೆದು ನೋಡಿ. ಬುಕರಿನ ಮರುದಿನ ಎಲ್ಲ ಹುಡುಗರ ಸ್ಟೇಟಸ್ಸಿನಲ್ಲೂ ಅವರ ಫೋಟೋ ಇತ್ತು. ದಸರೆಯ ಹೊತ್ತಿಗೆ ಅರ್ಧ ಕಡಿಮೆಯಾಯಿತು. ಹಜ್ರತ್ತರು ಎರಡೂ ಸಲ ಏನೂ ಹೇಳಲಿಲ್ಲ. ಪುಸ್ತಕ ಓದಿದವರು ಯಾರು ಎಂದರೆ ಈ ಬದಿ ಎಲ್ಲರೂ ಫೋನು ನೋಡಿಕೊಳ್ಳುತ್ತಾರೆ. ಪರದೆಯ ಆಚೆಯಿಂದ ಉತ್ತರ ಬರುತ್ತದೆ: ‘ನಾನು ಒಂದು ಕತೆ ಓದಿದೀನಿ. ಕರಿ ನಾಗರಗಳು.’

ಗಂಡ ಕೈಬಿಟ್ಟ ಹೆಂಗಸೊಬ್ಬಳು ನ್ಯಾಯ ಕೇಳಿಕೊಂಡು ಮಕ್ಕಳೊಂದಿಗೆ ಮಸೀದಿಗೆ ಬಂದು ಕೂರುವ ಕತೆ ಅದು. ಗಿರೀಶ ಕಾಸರವಳ್ಳಿ ಅದನ್ನೇ 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕತೆಯಲ್ಲಿ ಅವಳಿಗೆ ನ್ಯಾಯ ಕೊಡಬೇಕಾದ ಮನುಷ್ಯ ಮುತವಲ್ಲಿ, ಮಸೀದಿಯ ಆಡಳಿತ ನೋಡುವವನು.

‘ಹೆಂಗಿದೆ ಆಪಾ ಕತೆ?’ ಎಂದು ಟೆಂಪೋದವನು ಕೇಳುತ್ತಾನೆ.

‘ಮಧ್ಯಾಹ್ನ ಮುತವಲ್ಲಿ ಚಚ್ಚಾ ಬರ್ತಾರಲ್ಲ, ಅವ್ರು ಹೋದ್ಮೇಲೆ ಹೇಳ್ತೀನಿ.’

ಎರಡೂ ಬದಿ ನಗು. ನಗುವಿಗೆ ಪರದೆಯಿಲ್ಲ.

ಜೊಹರ್ ನಮಾಜಿಗೆ ಹುಡುಗರು ಮಸೀದಿಗೆ ಇಳಿಯುತ್ತಾರೆ, ಹುಡುಗಿಯರು ಒಳಕೋಣೆಯಲ್ಲೇ ಮುಗಿಸುತ್ತಾರೆ. ಊಟಕ್ಕೆ ಕುಷ್ಕಾ, ದಾಲ್ಚಾ. ತಟ್ಟೆ ಕಡಿಮೆ ಬಿದ್ದು ಕಾವಲಿಗೆ ಬಂದ ಎಂಟನೇ ಕ್ಲಾಸಿನವನು ಕಾರ್ಯದರ್ಶಿಯ ತಟ್ಟೆಗೇ ಕೈಹಾಕುತ್ತಾನೆ.

ಎರಡೂವರೆಗೆ ಮುತವಲ್ಲಿ ಬರುತ್ತಾರೆ. ಎಪ್ಪತ್ತು ದಾಟಿದವರು, ಜರಿ ಟೋಪಿ, ಕಂಕುಳಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಮಸೀದಿಯ ಕಾಗದಗಳು. ಕೇಂದ್ರ ಸರ್ಕಾರದ ಉಮೀದ್ ಪೋರ್ಟಲ್ ಜೂನ್ 6ರಂದು ತೆರೆಯಿತು. ನೋಂದಾಯಿತ ವಕ್ಫ್ ಆಸ್ತಿಯ ವಿವರವೆಲ್ಲ ಆರು ತಿಂಗಳೊಳಗೆ ಅದಕ್ಕೆ ಏರಬೇಕು. ಡಿಸೆಂಬರ್ ಬಾಗಿಲಲ್ಲಿದೆ. ಉಮೀದ್ ಎಂದರೆ ಭರವಸೆ, ಚಚ್ಚಾರ ಮುಖದಲ್ಲಿ ಅದು ಕಾಣುತ್ತಿಲ್ಲ. ಅವರ ಮೊಬೈಲಿಗೆ ಒಟಿಪಿ ಬರುತ್ತದೆ, ಕನ್ನಡಕ ಹುಡುಕುವಷ್ಟರಲ್ಲಿ ಅದರ ಆಯುಸ್ಸು ತೀರುತ್ತದೆ. ನಾಲ್ಕನೇ ಸಲಕ್ಕೆ ‘ಎಂಡಿ’ ಹುಡುಗ ಫೋನನ್ನು ತಾನೇ ಇಸಿದುಕೊಂಡು ಪೋರ್ಟಲ್ಲಿನ ಒಳಹೊಗುತ್ತಾನೆ.

ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಎಲ್ಲ ಸರಾಗ. ಮೂಲ ದಾನಪತ್ರದ ಹತ್ತಿರ ಬಂದು ಕೆಲಸ ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಕಾಲದ ಛಾಪಾ ಕಾಗದ, ಮಡಿಕೆಯ ಗೆರೆಗಳಲ್ಲಿ ಹರಿದಿದೆ, ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಬರಹ ಕನ್ನಡ, ಆದರೆ ಕೈ ಎತ್ತದೆ ಕೂಡಿಸಿ ಬರೆದ ಹಳೆಯ ಕನ್ನಡ. ಚಚ್ಚಾ ಉರ್ದು ಬಲ್ಲವರು, ಇದನ್ನು ಓದಲಾರರು. ಹುಡುಗರು ಒಬ್ಬೊಬ್ಬರಾಗಿ ಬಗ್ಗಿ ನೋಡಿ ಸೋಲುತ್ತಾರೆ.

‘ಆ ಕಡೆ ಕೊಡಿ’ ಅನ್ನುತ್ತಾನೆ ಟೆಂಪೋದವನು.

‘ನಕ್ಕೋ ನಕ್ಕೋ!’ ಚಚ್ಚಾ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಪರದೆಯಡಿ ಜಾರಿಸಿದರೆ ಆ ಕಾಗದ ಆಚೆಗೆ ಹೋಗುವುದು ಧೂಳಾಗಿಯೇ.

ಸ್ವಲ್ಪ ಹೊತ್ತು ಯಾರೂ ಏನೂ ಹೇಳುವುದಿಲ್ಲ. ಆಮೇಲೆ ಪರದೆ ಸರಿಯುತ್ತದೆ. ಬಸ್ಸಿನ ಹುಡುಗಿ ಬಂದು ಮೇಜಿನ ಈ ಬದಿಗೆ ನಿಲ್ಲುತ್ತಾಳೆ, ತಮ್ಮ ಹಿಂದೆಯೇ ಬರುತ್ತಾನೆ. ಚಚ್ಚಾ ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಜಾಗ ಬಿಡುತ್ತಾರೆ.

ಅವಳು ಬೆರಳು ತಾಗಿಸದೆ, ಗಾಳಿಯಲ್ಲೇ ಸಾಲಿನ ಮೇಲೆ ಸರಿಸುತ್ತ ಓದುತ್ತಾಳೆ. ಒಂದು ಸಾಲಿಗೆ ಎರಡೆರಡು ನಿಮಿಷ. ತಪ್ಪಿ ಹಿಂದಕ್ಕೆ ಬರುತ್ತಾಳೆ. ಒಂದೆಕರೆ ಚಿಲ್ಲರೆ ತರಿ ಜಮೀನು. ಮಸೀದಿಯ ದೀಪದ ಎಣ್ಣೆ ಖರ್ಚಿಗಾಗಿ, ಸಂತೋಷದಿಂದ, ಯಾರ ಬಲವಂತವೂ ಇಲ್ಲದೆ. ಕೊನೆಯಲ್ಲಿ ಕೊಟ್ಟವರ ಗುರುತು: ಒಬ್ಬ ಸಾಬರ ಹೆಸರು, ಅದರ ಪಕ್ಕ ‘ಬೇವಾ’. ಕೆಳಗೆ ಹೆಬ್ಬೆಟ್ಟು, ಶಾಯಿ ಕಂದಾಗಿದೆ.

‘ಬೇವಾ ಅಂದ್ರೆ?’ ಎಂದು ತಮ್ಮ ಕೇಳುತ್ತಾನೆ.

‘ವಿಧವೆ.’

ಪೋರ್ಟಲ್ಲಿನಲ್ಲಿ ವಕ್ಫ್ ಮಾಡಿದವರ ಹೆಸರಿಗೆಂದು ಒಂದು ಮನೆ ಇದೆ. ಹುಡುಗ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾಯುತ್ತಾನೆ.

‘ಆ ಸಾಬರ ಹೆಸರೇ ಹಾಕು, ಇಷ್ಟು ವರ್ಷ ಹಾಗೇ ಹೇಳ್ಕೊಂಡು ಬಂದಿದೀವಿ’ ಅನ್ನುತ್ತಾರೆ ಚಚ್ಚಾ.

‘ಅವ್ರು ಆಗ್ಲೇ ತೀರ್ಕೊಂಡಿದ್ರಲ್ಲ ಚಚ್ಚಾ. ಕೊಟ್ಟಿದ್ದು ಇವ್ರು’ ಎನ್ನುತ್ತಾಳೆ ಹುಡುಗಿ. ದನಿ ಏರಿಸುವುದಿಲ್ಲ. ‘ಇವ್ರ ಹೆಸ್ರು ಏನು?’

ಚಚ್ಚಾ ಕಾಗದವನ್ನು ನೋಡುತ್ತಾರೆ, ಓದಲು ಬಾರದ ಅದೇ ಕಾಗದವನ್ನು. ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಹಾಕಿಕೊಳ್ಳುತ್ತಾರೆ. ಆಮೇಲೆ ಹುಡುಗನ ಹತ್ತಿರದಿಂದ ತಮ್ಮ ಫೋನು ಇಸಿದುಕೊಂಡು, ಹೊಳೆನರಸೀಪುರದಲ್ಲಿ ಮಗನ ಮನೆಯಲ್ಲಿರುವ ತಮ್ಮ ಫುಪ್ಪುವಿಗೆ, ಅಂದರೆ ಸೋದರತ್ತೆಗೆ, ಹಚ್ಚುತ್ತಾರೆ. ತೊಂಬತ್ತು ದಾಟಿದ ಜೀವ, ಕಿವಿ ಮಂದ. ಹಾಲಿನವರೆಲ್ಲ ಕೇಳುವ ಹಾಗೆ ಚಚ್ಚಾ ಕೂಗುತ್ತಾರೆ. ದೀಪದ ಹೊಲ. ಹೌ, ದೀಪದ ಹೊಲ. ಕೊಟ್ಟವರು. ಅವರಲ್ಲ, ಅವರ ಹೆಂಡತಿ. ಹೆಂಡತಿ! ಕೆಳಗಿನ ವೆಲ್ಡಿಂಗ್ ಶಾಪಿನವನು ಗರಗಸ ನಿಲ್ಲಿಸಿ ಮೇಲೆ ನೋಡುತ್ತಾನೆ.

ಆ ಕಡೆಯಿಂದ ಸಣ್ಣ ದನಿ ಒಂದು ಹೆಸರು ಹೇಳುತ್ತದೆ. ಇನ್ನೊಂದು ಸಲ ಹೇಳುತ್ತದೆ. ಚಚ್ಚಾ ಅದನ್ನು ತಾವೂ ಹೇಳುತ್ತಾರೆ, ಈಗ ಕೂಗದೆ. ಕೊನೆಗೆ ‘ಬೀ’ ಎಂದು ಮುಗಿಯುವ ಹೆಸರು. ಹುಡುಗ ಟೈಪು ಮಾಡುತ್ತ ಬಂದು ಕೊನೆಯಲ್ಲಿ ತಡೆದು ತಲೆಯೆತ್ತುತ್ತಾನೆ.

‘ಬೀ ಅಂದ್ರೆ ಇಂಗ್ಲಿಷಲ್ಲಿ ಒಂದು ಐ ಹಾಕ್ಲಾ, ಎರಡು ಇ ಹಾಕ್ಲಾ?’